ಇಂಗ್ಲಿಷಿಗೆ ಕನ್ನಡ ಅಡ್ಡಿಯೇ?

ಪ್ರತಿವರ್ಷ ಎಂಟನೆಯ ತರಗತಿಗೆ ಹೊಸದಾಗಿ ಸೇರುವ ಮಕ್ಕಳಿಂದ ನಾವು ಇಂಗ್ಲಿಷಿನಲ್ಲಿ ಒಂದು ರಜಾ ಅರ್ಜಿ ಬರೆಸುವುದುಂಟು. ಕೆಲವು ವಾಕ್ಯಗಳು ವರ್ಷ ವರ್ಷವೂ ತಪ್ಪದೆ ಹಾಜರಾಗುತ್ತವೆ. 'ಮೈ ಬ್ರದರ್ ಕೇಮ್ ವಿತ್ ಮೈ' ಎಂದು ಒಬ್ಬ ಬರೆಯುತ್ತಾನೆ. 'ಸಿಟ್ ನಿಯರ್ ಮೈ' ಎಂದು ಇನ್ನೊಬ್ಬಳು. ದೇವಸ್ಥಾನದ ಹತ್ತಿರ ಎಂಬುದಕ್ಕೆ 'ನಿಯರ್ ದಿ ಟೆಂಪಲ್' ಎಂದಷ್ಟೇ ಸಾಕಾಗಿದ್ದರೂ ಮತ್ತೊಬ್ಬನು ಟೆಂಪಲ್ಲಿನ ಬಾಲಕ್ಕೆ ಒಂದು ಅಪಾಸ್ಟ್ರಫಿ, ಒಂದು ಎಸ್ ಸೇರಿಸಿಯೇ ಬಿಡುತ್ತಾನೆ.

ಕೆಂಪು ಶಾಯಿಯ ಗೆರೆಗಳನ್ನು ಕಂಡ ಹೆತ್ತವರು ಶಾಲೆಗೆ ಬಂದು, "ಮಾಷ್ಟ್ರೇ, ಕನ್ನಡದಲ್ಲಿ ಕಲಿತರೆ ಇಂಗ್ಲಿಷ್ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಬರುವ ವರ್ಷ ಇವನನ್ನು ಬೇರೆ ಶಾಲೆಗೆ ಹಾಕುವ ಅಂತ ಇದ್ದೇವೆ" ಎಂದು ಸಂಕೋಚದಿಂದಲೇ ತಿಳಿಸುತ್ತಾರೆ. ಅವರ ಚಿಂತೆ ಸಹಜವಾದುದು. ಆದರೆ ಕಾರಣವನ್ನು ಅವರು ಹುಡುಕುವ ಜಾಗ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಆ ತಪ್ಪುಗಳನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಕನ್ನಡದಲ್ಲಿ ನಾವು 'ಮನೆಯ ಹತ್ತಿರ', 'ಮೇಜಿನ ಮೇಲೆ', 'ನನ್ನ ಜೊತೆ' ಎನ್ನುತ್ತೇವೆ. ಇಲ್ಲೆಲ್ಲ ಮೊದಲ ಪದಕ್ಕೆ ಷಷ್ಠೀ ವಿಭಕ್ತಿ ಹತ್ತಿದೆ. ನಮ್ಮ ಕಾಸರಗೋಡಿನ ಮಕ್ಕಳು ಅಂಗಳದಲ್ಲಿ ಕೇಳುವ ತುಳುವಿನಲ್ಲೂ 'ಇಲ್ಲ್‌ದ ಕೈತಲ್', ಪೇಟೆಯಲ್ಲಿ ಕೇಳುವ ಮಲಯಾಳದಲ್ಲೂ 'ವೀಟಿನ್ಟೆ ಅಡುತ್ತ್', ಅಲ್ಲಿಯೂ ಷಷ್ಠಿಯೇ. ಹೀಗಾಗುವುದಕ್ಕೆ ಕಾರಣವಿದೆ. ಮೇಲೆ, ಕೆಳಗೆ, ಮುಂದೆ, ಒಳಗೆ ಎಂಬ ಮಾತುಗಳು ಮೂಲದಲ್ಲಿ ಮೇಲು, ಕೆಳಗು, ಮುಂದು, ಒಳಗು ಎಂಬ ಸ್ಥಳವಾಚಕ ನಾಮಪದಗಳು. ಆದುದರಿಂದ 'ಯಾವುದರ ಮೇಲು?' ಎಂಬ ಪ್ರಶ್ನೆ ಹುಟ್ಟಿ, 'ಮೇಜಿನ' ಎಂಬ ಉತ್ತರ ಬರುತ್ತದೆ.

ಇಂಗ್ಲಿಷಿನ 'ಆನ್', 'ನಿಯರ್', 'ವಿತ್' ಎಂಬ ಪ್ರಿಪೊಸಿಷನ್‌ಗಳ ಸ್ವಭಾವ ಬೇರೆ. ಅವು ನಾಮಪದದ ಮುಂದೆ ನಿಲ್ಲುತ್ತವೆ; ಷಷ್ಠಿಯನ್ನು ಕೇಳುವುದಿಲ್ಲ. ಹಾಗಾಗಿ 'ವಿತ್ ಮಿ', 'ನಿಯರ್ ಮಿ'. ಆದರೆ ಇಂಗ್ಲಿಷ್ ಕೂಡ ಸ್ಥಳವಾಚಕ ನಾಮಪದವನ್ನು ಬಳಸಿದಾಗ ನಮ್ಮ ದಾರಿಯನ್ನೇ ಹಿಡಿಯುತ್ತದೆ. 'ಇನ್ ಫ್ರಂಟ್ ಆಫ್ ದಿ ಸ್ಕೂಲ್' ಎಂದರೆ ಶಾಲೆಯ ಮುಂದೆ. ಅಲ್ಲಿರುವ 'ಆಫ್' ನಮ್ಮ ಷಷ್ಠಿಯ ಕೆಲಸವನ್ನೇ ಮಾಡುತ್ತಿದೆ.

ಹಾಗಾದರೆ 'ವಿತ್ ಮೈ' ಎಂದು ಬರೆದ ಹುಡುಗ ದಡ್ಡನೇ? ಖಂಡಿತ ಅಲ್ಲ. ತನ್ನ ಭಾಷೆಯ ವ್ಯಾಕರಣವನ್ನು ಯಾರೂ ಹೇಳಿಕೊಡದೆಯೇ ಕರಗತ ಮಾಡಿಕೊಂಡಿರುವ ಜಾಣ ಅವನು. ಅವನಿಗೆ ಬೇಕಾದುದು ಈ ಎರಡು ಮಾತಿನ ವಿವರಣೆ. ಆ ವಿವರಣೆಯನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಕೊಡದೆ, 'ತಪ್ಪು, ಹತ್ತು ಸಲ ಬರೆ' ಎಂದು ನಾವು ಹೇಳಿದರೆ ದೋಷ ನಮ್ಮದು.

ಇನ್ನೊಂದು ಉದಾಹರಣೆ. 'ಐ ವೆಂಟ್ ಟು ದಿ ಡಾಕ್ಟರ್ಸ್', 'ವಿ ಸ್ಟೇಡ್ ಅಟ್ ಮೈ ಅಂಕಲ್ಸ್' ಎಂಬ ವಾಕ್ಯಗಳನ್ನು ಕಂಡಾಗ ಮಕ್ಕಳು ತಬ್ಬಿಬ್ಬಾಗುತ್ತಾರೆ. ಡಾಕ್ಟರರದು ಏನು? ಮಾವನದು ಏನು? ಮುಂದಿನ ಪದವೇ ಇಲ್ಲವಲ್ಲ! ಅಚ್ಚಿನ ತಪ್ಪೆಂದು ತಿಳಿದವರೂ ಇದ್ದಾರೆ. ವೈದ್ಯರ ಚಿಕಿತ್ಸಾಲಯ, ಮಾವನ ಮನೆ ಎಂಬುದು ಕೇಳುವವನಿಗೆ ಹೇಗೂ ಗೊತ್ತಿರುವುದರಿಂದ ಇಂಗ್ಲಿಷಿನವನು ಕೊನೆಯ ಪದವನ್ನು ನುಂಗಿಬಿಡುತ್ತಾನೆ. ಕ್ಷೌರದಂಗಡಿಗೆ 'ದಿ ಬಾರ್ಬರ್ಸ್', ಲಂಡನಿನ ಸೈಂಟ್ ಪಾಲ್ ಕೆಥೆಡ್ರಲಿಗೆ ಬರೇ 'ಸೈಂಟ್ ಪಾಲ್ಸ್'.

ನಮ್ಮ ಹುಡುಗರಿಗೆ ಇದಕ್ಕಿಂತ ಹತ್ತಿರದ ಹೆಸರೊಂದಿದೆ. 1983ರ ಜೂನ್ 25ರಂದು ಕಪಿಲ್ ದೇವ್ ನಾಯಕತ್ವದ ಭಾರತ ತಂಡವು ವೆಸ್ಟ್ ಇಂಡೀಸನ್ನು 43 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದದ್ದು ಲಾರ್ಡ್ಸ್ ಮೈದಾನದಲ್ಲಿ. ಲಾರ್ಡ್ಸ್ ಎಂದರೆ ಪ್ರಭುಗಳು ಕೂತು ಆಟ ನೋಡುವ ಜಾಗವೆಂದು ಬಹಳ ಮಂದಿ ಭಾವಿಸಿದ್ದಾರೆ. ಹಾಗಲ್ಲ. 1787ರಲ್ಲಿ ತನ್ನ ಮೊದಲ ಮೈದಾನವನ್ನು ತೆರೆದ ಥಾಮಸ್ ಲಾರ್ಡ್ ಎಂಬಾತನ ಹೆಸರು ಅದು. ಈಗಿನ ಜಾಗಕ್ಕೆ ಅದು ಬಂದದ್ದು 1814ರಲ್ಲಿ. 'ಲಾರ್ಡನ ಮೈದಾನ' ಎಂಬುದರಲ್ಲಿ ಮೈದಾನ ಬಿದ್ದುಹೋಗಿ ಲಾರ್ಡನ ಷಷ್ಠಿ ಮಾತ್ರ ಉಳಿದಿದೆ.

ಇದು ನಮಗೆ ಹೊಸತೇ? 'ನಿನ್ನೆ ಅಜ್ಜನಲ್ಲಿಗೆ ಹೋಗಿದ್ದೆ', 'ಮಧ್ಯಾಹ್ನದ ಊಟ ಭಾವನಲ್ಲಿ', 'ಮಗುವನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಬೇಕು' ಎಂದು ನಮ್ಮ ಮನೆಗಳಲ್ಲಿ ದಿನವೂ ಆಡುತ್ತೇವೆ. ಮನೆ ಎಂಬ ಪದವನ್ನು ನಾವೂ ನುಂಗುತ್ತೇವೆ. ಇಂಗ್ಲಿಷಿನವನು ನುಂಗಿದ ಮೇಲೆ ಷಷ್ಠಿಯನ್ನು ಉಳಿಸಿಕೊಳ್ಳುತ್ತಾನೆ, ನಾವು ಸಪ್ತಮಿಯ 'ಅಲ್ಲಿ'ಯನ್ನು ಬಳಸುತ್ತೇವೆ, ವ್ಯತ್ಯಾಸ ಅಷ್ಟೆ. ತರಗತಿಯಲ್ಲಿ ಇದನ್ನು ಹೇಳಿದ ದಿನ ಮಕ್ಕಳ ಮುಖದಲ್ಲಿ ಮೂಡುವ ನಗುವನ್ನು ನಾವು ಕಂಡಿದ್ದೇವೆ. 'ಅಟ್ ಮೈ ಗ್ರಾಂಡ್‌ಫಾದರ್ಸ್' ಎಂಬುದನ್ನು ಅವರು ಮತ್ತೆ ಮರೆಯುವುದಿಲ್ಲ.

ಕೆಲವೆಡೆ ಇಂಗ್ಲಿಷ್ ನಮಗಿಂತ ಸೂಕ್ಷ್ಮವಾಗಿರುವುದೂ ಉಂಟು. 'ತಂದೆಯ ಫೋಟೊ' ಎಂದರೆ ಫೋಟೊದಲ್ಲಿ ಇರುವವರು ತಂದೆಯೋ, ಫೋಟೊ ತಂದೆಯವರ ಸೊತ್ತೋ ಎಂಬುದನ್ನು ಸಂದರ್ಭ ನೋಡಿ ತಿಳಿಯಬೇಕು. ಇಂಗ್ಲಿಷಿನಲ್ಲಿ 'ಎ ಫೋಟೊ ಆಫ್ ಮೈ ಫಾದರ್' ಎಂದರೆ ಸಾಮಾನ್ಯವಾಗಿ ತಂದೆಯ ಚಿತ್ರ. 'ಎ ಫೋಟೊ ಆಫ್ ಮೈ ಫಾದರ್ಸ್' ಎಂದರೆ ತಂದೆಯ ಬಳಿ ಇರುವ ಫೋಟೊಗಳಲ್ಲಿ ಒಂದು. ಒಂದು ಎಸ್ ಅಕ್ಷರ ಎಷ್ಟು ಕೆಲಸ ಮಾಡಿತು ನೋಡಿ! ಇದನ್ನು ವಿವರಿಸುವುದಕ್ಕೂ ನಮಗೆ ಕನ್ನಡವೇ ನೆರವಾಯಿತಲ್ಲವೆ?

ಆ ಎಸ್ ಕೂಡ ಆಕಾಶದಿಂದ ಇಳಿದದ್ದಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಮ್ಮಲ್ಲಿರುವಂತೆಯೇ ವಿಭಕ್ತಿ ಪ್ರತ್ಯಯಗಳಿದ್ದವು. ಕಲ್ಲಿಗೆ 'ಸ್ಟಾನ್', ಕಲ್ಲಿನ ಎಂಬುದಕ್ಕೆ 'ಸ್ಟಾನೆಸ್'. ಕಾಲಕ್ರಮದಲ್ಲಿ ಉಳಿದ ಪ್ರತ್ಯಯಗಳು ಸವೆದು ಹೋದವು, ಷಷ್ಠಿ ಮಾತ್ರ ಎಸ್ ರೂಪದಲ್ಲಿ ಉಳಿಯಿತು. ವಿಭಕ್ತಿಗಳನ್ನು ಬಾಯಿಪಾಠ ಮಾಡಿದ ಕನ್ನಡದ ಮಗುವಿಗೆ ಇದು ನೆಂಟರ ಮನೆಯ ಹಳೆಯ ಪಾತ್ರೆಯಂತೆ ಪರಿಚಿತವಾಗಿ ಕಾಣಬೇಕು.

ಕನ್ನಡದ ವಿವರಣೆಯೊಂದರಿಂದಲೇ ಇಂಗ್ಲಿಷ್ ಬಂದುಬಿಡುತ್ತದೆಂದು ನಾವು ಹೇಳುವುದಿಲ್ಲ. ಕೇಳಬೇಕು, ಓದಬೇಕು, ತಪ್ಪಿದರೂ ಆಡಬೇಕು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಕೇಳುವ ಅವಕಾಶ ಕಡಿಮೆ. ಆ ಕೊರತೆಯನ್ನು ಶಾಲೆ ತುಂಬಬೇಕು. ಆದರೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡದ ಒಂದು ಮಾತು ಬಂದರೂ ಅಪರಾಧವೆಂಬ ಭಾವನೆಯನ್ನು ನಾವು ಒಪ್ಪಲಾರೆವು.

ವಿದ್ಯಾರ್ಥಿ ಮಿತ್ರರೇ, ಒಂದು ನೋಟುಪುಸ್ತಕದ ಎಡಬದಿಯಲ್ಲಿ ಇಂಗ್ಲಿಷ್ ವಾಕ್ಯವನ್ನೂ ಬಲಬದಿಯಲ್ಲಿ ನಿಮ್ಮ ಮನೆಯ ಮಾತಿನಲ್ಲಿ ಅದೇ ಅರ್ಥವನ್ನೂ ದಿನಕ್ಕೆ ಐದರಂತೆ ಬರೆದಿಡಿ. ಷಷ್ಠಿ ಎಲ್ಲಿ ಬಂತು, ಎಲ್ಲಿ ಬಿಟ್ಟುಹೋಯಿತು ಎಂದು ಗೆರೆ ಎಳೆಯಿರಿ. ಪೋಷಕ ಬಂಧುಗಳೇ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ರಾತ್ರಿ ಊಟದ ಮೊದಲು ಆ ಪುಸ್ತಕ ತೆರೆಯಿಸಿ, "ಇದಕ್ಕೆ ನಮ್ಮಲ್ಲಿ ಏನು ಹೇಳುವುದು?" ಎಂದು ಕೇಳಿ. ಮಗು ಸರಿಯಾಗಿ ಹೇಳಿತೇ ಇಲ್ಲವೇ ಎಂಬುದು ನಿಮಗೆ ತಿಳಿಯದೆ ಹೋಗದು. ಶಾಲೆ ಬದಲಿಸುವ ಆಲೋಚನೆಯನ್ನು ಅದರ ಅನಂತರ ಮಾಡಿದರೆ ಸಾಕು.