ಡಿಲೀಟ್ ಮಾಡಿದ್ದು ನಿಜವಾಗಿ ಅಳಿಯುತ್ತದೆಯೇ?

ಕಳೆದ ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಕಂಪ್ಯೂಟರ್ ಸಂಗ್ರಹ ಸಾಧನಗಳ ಪಾಠ ಮಾಡುತ್ತಿದ್ದೆ. ‘ರೀಸೈಕಲ್ ಬಿನ್ ಖಾಲಿ ಮಾಡಿದರೆ ಫೈಲ್ ಶಾಶ್ವತವಾಗಿ ಹೋಗುತ್ತದೆ’ ಎಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದನ್ನೇ ಹೇಳಿದೆ. ಒಬ್ಬ ಹುಡುಗಿ ಎದ್ದು, “ಮಿಸ್, ಡಿಲೀಟ್ ಆದ ಫೋಟೋನ ನಮ್ಮ ಮಾವ ಅಂಗಡೀಲಿ ವಾಪಸ್ ತೆಗೆದುಕೊಡ್ತಾರಲ್ಲ?” ಎಂದಳು. ನಾಳೆ ಹೇಳುತ್ತೇನೆಂದು ಜಾರಿಕೊಂಡೆ.

ಆ ಸಂಜೆ ಓದುತ್ತಾ ಕುಳಿತಾಗ ನನಗೆ ಬೇರೊಂದು ನೆನಪಾಯಿತು. ಪ್ರಕರಣ ಅಧ್ಯಯನಕ್ಕಾಗಿ ಒಬ್ಬ ವಿದ್ಯಾರ್ಥಿಯ ಮನೆಯ ಕಷ್ಟಗಳನ್ನು ಹೆಸರು ಸಮೇತ ಬರೆದಿದ್ದ ಫೈಲನ್ನು ಡಿಲೀಟ್ ಮಾಡಿ, ಅದೇ ಪೆನ್‌ಡ್ರೈವನ್ನು ಸಹಪಾಠಿಗೆ ಕೊಟ್ಟಿದ್ದೆ. ಅದು ಎಷ್ಟು ಕೈ ದಾಟಿತ್ತೋ!

ಡಿಲೀಟ್ ಮಾಡುವುದೆಂದರೆ ಪುಸ್ತಕದ ಪರಿವಿಡಿಯಿಂದ ಒಂದು ಸಾಲನ್ನು ತೆಗೆದಂತೆ. ಅಧ್ಯಾಯ ಒಳಗೆ ಹಾಗೇ ಇರುತ್ತದೆ. ಆ ಜಾಗದಲ್ಲಿ ಬೇರೆ ಮಾಹಿತಿ ಬಂದು ಕೂರುವವರೆಗೂ ಸಾಮಾನ್ಯ ತಂತ್ರಾಂಶದಿಂದಲೇ ಅದನ್ನು ಮರಳಿ ಪಡೆಯಬಹುದು. ಕ್ವಿಕ್ ಫಾರ್ಮ್ಯಾಟ್ ಕೂಡ ಬಹುಮಟ್ಟಿಗೆ ಪರಿವಿಡಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ.

ಹಾಗೆಂದು ‘ಏನು ಮಾಡಿದರೂ ವಾಪಸ್ ತೆಗೆಯಬಹುದು’ ಎಂಬ ಮಾತೂ ಸರಿಯಲ್ಲ. ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದಾಗಿ, 35 ಬಾರಿ ಮೇಲೆ ಬರೆದರೆ ಮಾತ್ರ ಮಾಹಿತಿ ಅಳಿಯುತ್ತದೆ ಎಂಬ ನಂಬಿಕೆ ಹರಡಿತು. ಆ 35 ಸುತ್ತುಗಳು ಅಂದಿನ ನಾನಾ ಬಗೆಯ ಡಿಸ್ಕ್‌ಗಳನ್ನು ಗಮನದಲ್ಲಿಟ್ಟು ರೂಪಿಸಿದವು. ಇಂದಿನ ಡಿಸ್ಕ್‌ಗಳಿಗೆ ಅವೆಲ್ಲ ಬೇಕಿಲ್ಲವೆಂದು ಮುಂದೆ ಅವರೇ ಸ್ಪಷ್ಟಪಡಿಸಿದರು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಮೇಲೆ ಒಮ್ಮೆ ಪೂರ್ತಿಯಾಗಿ ಬೇರೆ ಮಾಹಿತಿ ಬರೆದರೆ ಸಾಮಾನ್ಯವಾಗಿ ಸಾಕು ಎಂಬುದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಮಾರ್ಗಸೂಚಿಯ ನಿಲುವು.

ಪೆನ್‌ಡ್ರೈವ್, ಎಸ್‌ಎಸ್‌ಡಿಗಳ ಕಥೆ ಬೇರೆ. ಹಾರ್ಡ್ ಡಿಸ್ಕ್ ಸ್ಲೇಟಿನಂತೆ: ಒರೆಸಿದ ಜಾಗದಲ್ಲೇ ಮತ್ತೆ ಬರೆಯಬಹುದು. ಫ್ಲ್ಯಾಶ್ ಮೆಮೊರಿ ಪೆನ್ನಿನಲ್ಲಿ ಬರೆಯುವ ನೋಟ್‌ಬುಕ್ಕಿನಂತೆ: ತಿದ್ದಿದ್ದನ್ನು ಹೊಸ ಹಾಳೆಯಲ್ಲಿ ಬರೆಯಬೇಕು. ಅದರ ಕೋಶಗಳು ಸವೆಯುವುದರಿಂದ ಒಳಗಿನ ನಿಯಂತ್ರಕ ಬರವಣಿಗೆಯನ್ನು ಬೇರೆ ಬೇರೆ ಕಡೆ ಹಂಚುತ್ತದೆ. ಆದ್ದರಿಂದ ‘ಸುರಕ್ಷಿತ ಅಳಿಸುವಿಕೆ’ಯ ತಂತ್ರಾಂಶ ಒಂದು ಫೈಲಿನ ಮೇಲೆ ಬರೆದಾಗಲೂ ಹಳೆಯ ಪ್ರತಿ ಮತ್ತೊಂದು ಮೂಲೆಯಲ್ಲಿ ಉಳಿದಿರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಒಂದೊಂದೇ ಫೈಲ್ ಅಳಿಸುವ ಯಾವ ವಿಧಾನವೂ ಎಸ್‌ಎಸ್‌ಡಿಯಲ್ಲಿ ಪೂರ್ಣ ಫಲ ಕೊಡಲಿಲ್ಲ. ಈಗಿನ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಆದೇಶದಿಂದ ಡಿಲೀಟ್ ಆದ ಮಾಹಿತಿ ಬಹುಪಾಲು ಬೇಗ ಮಾಯವಾಗುತ್ತದೆ. ಸಾಮಾನ್ಯ ಪೆನ್‌ಡ್ರೈವ್‌ಗಳಲ್ಲಿ ಆ ಏರ್ಪಾಡು ಹೆಚ್ಚಾಗಿ ಇರುವುದಿಲ್ಲ.

ಹಾಗಾದರೆ ನಲವತ್ತು ನಿಮಿಷದ ಅವಧಿಯಲ್ಲಿ ಇಷ್ಟೆಲ್ಲ ಹೇಳಲಾದೀತೇ ಎಂದು ಯಾರಾದರೂ ಕೇಳಬಹುದು. ಬೇಕಿಲ್ಲ. ಮರುದಿನ ನಾನು ಹೇಳಿದ್ದು ಎರಡೇ ವಾಕ್ಯ: “ನಿನ್ನೆ ನಾನು ಹೇಳಿದ್ದು ತಪ್ಪು. ಅಳಿಸಿದ್ದು ವಾಪಸ್ ಬರುತ್ತದೆಯೇ ಎಂಬುದು ಯಾವುದರ ಮೇಲೆ ಬರೆದಿದ್ದೆವು, ಹೇಗೆ ಅಳಿಸಿದೆವು ಎಂಬುದನ್ನು ಅವಲಂಬಿಸಿದೆ.” ಪರಿವಿಡಿ, ಸ್ಲೇಟು, ನೋಟ್‌ಬುಕ್ಕಿನ ಉದಾಹರಣೆಗಳಿಗೆ ಹತ್ತು ನಿಮಿಷ ಸಾಕಾಯಿತು. ತಪ್ಪು ಒಪ್ಪಿಕೊಂಡಿದ್ದಕ್ಕೆ ತರಗತಿಯಲ್ಲಿ ನನ್ನ ಗೌರವವೇನೂ ಕಡಿಮೆಯಾಗಲಿಲ್ಲ.

ಪ್ರಶಿಕ್ಷಣಾರ್ಥಿಗಳಾದ ನಾವು ಮೊದಲು ನಮ್ಮ ರೂಢಿ ತಿದ್ದಿಕೊಳ್ಳಬೇಕು. ಪ್ರಕರಣ ಅಧ್ಯಯನ, ಕ್ರಿಯಾ ಸಂಶೋಧನೆಗಳಲ್ಲಿ ಮಕ್ಕಳ ಹೆಸರಿನ ಬದಲು ಮೊದಲ ದಿನದಿಂದಲೇ ಸಂಕೇತ ಸಂಖ್ಯೆ ಬಳಸೋಣ. ಅಂಕಪಟ್ಟಿ, ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಲೇಬೇಕಾದರೆ, ಮೊದಲೇ ಇಡೀ ಡ್ರೈವನ್ನು ಪಾಸ್‌ವರ್ಡ್ ಸಹಿತ ಎನ್‌ಕ್ರಿಪ್ಟ್ ಮಾಡೋಣ. ಆಗ ಒಳಗೆ ಏನೇ ಉಳಿದರೂ ಪಾಸ್‌ವರ್ಡ್ ಇಲ್ಲದವರಿಗೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಬೋಧನಾಭ್ಯಾಸಕ್ಕೆ ಕಳುಹಿಸುವ ಮುನ್ನ ನಡೆಯುವ ಪೂರ್ವಸಿದ್ಧತಾ ತರಗತಿಗಳಲ್ಲಿ ಇದಕ್ಕೊಂದು ಅವಧಿ ಮೀಸಲಿಡಬೇಕೆಂದು ಉಪನ್ಯಾಸಕರಲ್ಲಿ ನನ್ನ ಕೋರಿಕೆ.

ಆ ಪೆನ್‌ಡ್ರೈವನ್ನು ಸಹಪಾಠಿಯಿಂದ ವಾಪಸ್ ಪಡೆದಿದ್ದೇನೆ. ಅದನ್ನು ಇನ್ನು ಯಾರಿಗೂ ಕೊಡುವುದಿಲ್ಲ. ಆದರೆ ಕೊಟ್ಟಿದ್ದ ಆ ದಿನಗಳನ್ನು ವಾಪಸ್ ಪಡೆಯಲಾರೆ. ಮಗು ನಂಬಿ ಹೇಳಿದ್ದನ್ನು ಕಾಯುವ ಕೆಲಸ ಅದನ್ನು ಬರೆದಿಡುವಾಗಲೇ ಶುರುವಾಗಬೇಕು.