ಗೇಮ್ ಬಾಯ್: ನೆನಪು ಮಾರಾಟಕ್ಕಿದೆ, ಆಟ ಇಲ್ಲ

1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಗೇಮ್ ಬಾಯ್ ತಂದಾಗ ಅದರ ಪರದೆಗೆ ಬಣ್ಣವಿರಲಿಲ್ಲ, ಬೆಳಕೂ ಇರಲಿಲ್ಲ. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ಬಗೆಯಲ್ಲಿ ದುಡಿಸಬೇಕೆಂಬುದು ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಗುನ್‌ಪೇ ಯೊಕೊಯಿ ಅವರ ನಂಬಿಕೆ. ನಾಲ್ಕು ಪೆನ್ಸಿಲ್ ಸೆಲ್ಲಿನ ಆ ಅಂಗೈ ಯಂತ್ರ, ಮುಂದೆ ಬಂದ ಕಲರ್ ಮಾದರಿಯೂ ಸೇರಿ, 11 ಕೋಟಿಗೂ ಹೆಚ್ಚು ಮಾರಾಟವಾಯಿತು.

ಈ ಕಥೆ ಹೇಳಿ ಬಾಲ್ಯ ನೆನೆಯುವವರು ಬಹಳ. ಅದರಲ್ಲಿ ಆಡಿದ ಆಟಗಳು ಎಲ್ಲಿ ಹೋದವು ಎಂದು ಕೇಳುವವರು ಕಡಿಮೆ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ನಿಂಟೆಂಡೊ, ಗೇಮ್ ಬಾಯ್ ಆಟಗಳೂ ಸಿಗುತ್ತಿದ್ದ ತನ್ನ 3ಡಿಎಸ್ ಆನ್‌ಲೈನ್ ಮಳಿಗೆಯಲ್ಲಿ ಮಾರಾಟ ನಿಲ್ಲಿಸಿತು. ಈಗ ಆಯ್ದ ಕೆಲವು ಆಟಗಳು ಚಂದಾದಾರರಿಗೆ ಮಾತ್ರ. ಚಂದಾ ನಿಂತರೆ ಆಟವೂ ನಿಂತಿತು.

ಮಾರಾಟದಲ್ಲಿಲ್ಲದ ಆಟಗಳನ್ನು ದೂರದ ಸಂಶೋಧಕರಿಗೆ ಅಂತರ್ಜಾಲದಲ್ಲಿ ಒದಗಿಸಲು ಗ್ರಂಥಾಲಯಗಳ ಪರವಾಗಿ ಕೇಳಿದ ಅನುಮತಿಯನ್ನು 2024ರಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ನಿರಾಕರಿಸಿತು. ಜನ ಮೋಜಿಗಾಗಿ ಆಡಿಬಿಟ್ಟಾರು ಎಂಬುದೂ ಒಂದು ಆಕ್ಷೇಪ! ಮೋಜಿಗಾಗಿ ಕಾದಂಬರಿ ಓದುತ್ತಾರೆಂದು ನಾವು ಗ್ರಂಥಾಲಯಕ್ಕೆ ಬೀಗ ಜಡಿಯುತ್ತೇವೆಯೇ? ಓದಿನ ಖುಷಿಯನ್ನೂ ಅಧ್ಯಯನವನ್ನೂ ಬೇರ್ಪಡಿಸುವ ಗೆರೆ ಎಲ್ಲಿದೆ?

ಕಂಪನಿ ಬೇಕಾದಷ್ಟು ಕಾಲ ಮಾರಲಿ, ತಕರಾರಿಲ್ಲ. ಅದು ಮಾರದೆ ಕೈಬಿಟ್ಟ ಆಟವನ್ನು ಕಾಪಾಡಿ ಓದುವವರಿಗೆ ತಲುಪಿಸುವ ಹಕ್ಕು ಗ್ರಂಥಾಲಯಕ್ಕೆ ಬೇಕು. ಪುಸ್ತಕಗಳಿಗಾಗಿ ದನಿ ಎತ್ತುವ ಸಾಹಿತ್ಯದ ವಿದ್ಯಾರ್ಥಿಗಳು ಇದಕ್ಕೂ ದನಿ ಎತ್ತಬೇಕು. ಹಲವು ಕಾರ್ಟ್ರಿಜ್‌ಗಳೊಳಗೆ ಆಟದ ನೆನಪು ಕಾಯುತ್ತಿದ್ದ ಬಟನ್ ಸೆಲ್ ಆಗಲೇ ಸತ್ತಿದೆ. ಉಳಿದವು ಕಾನೂನಿನ ತೀರ್ಮಾನಕ್ಕಾಗಿ ಕಾಯುವುದಿಲ್ಲ.