ಹಾವಿಗೆ ಹಾಲೆರೆದ ನಾಯಕ

ಹಿಟ್ಲರನ ಹೆಸರು ನಮ್ಮ ಮಕ್ಕಳಿಗೆಲ್ಲ ಗೊತ್ತು. ಅವನಿಗೆ ದಾರಿ ಮಾಡಿಕೊಟ್ಟ ಆಲ್ಫ್ರೆಡ್ ಹೂಗೆನ್‌ಬರ್ಗ್‌ನ ಹೆಸರನ್ನು ನಾವು ಮೇಷ್ಟ್ರುಗಳೂ ತರಗತಿಯಲ್ಲಿ ಎತ್ತುವುದಿಲ್ಲ. ಎತ್ತಬೇಕು.

1865ರಲ್ಲಿ ಹ್ಯಾನೋವರ್‌ನಲ್ಲಿ ಹುಟ್ಟಿದ ಈತ 1894ರಿಂದ ಪೋಸೆನ್ ಪ್ರಾಂತದಲ್ಲಿ ಸರಕಾರಿ ನೌಕರನಾಗಿದ್ದ. ಪೋಲಿಷರ ಜಮೀನು ಕೊಂಡು ಅಲ್ಲಿ ಜರ್ಮನ್ನರನ್ನು ನೆಲೆಗೊಳಿಸುವ ಆಯೋಗದ ಕೆಲಸ ಅದು. ಅದೇ ಪ್ರಾಂತದ ವ್ಝೆಶ್ನ್ಯಾ ಊರಿನ ಶಾಲೆಯಲ್ಲಿ 1901ರಲ್ಲಿ, ಧರ್ಮಪಾಠವನ್ನು ಜರ್ಮನ್‌ನಲ್ಲಿ ಕಲಿಯಲು ಒಪ್ಪದ ಪೋಲಿಷ್ ಮಕ್ಕಳಿಗೆ ಬೆತ್ತದ ಏಟು ಬಿತ್ತು. ಗಡಿಯಾಚೆ ಕನ್ನಡ ಕಲಿಸುವ ನಮಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಹೂಗೆನ್‌ಬರ್ಗ್ ಕ್ರುಪ್ ಕಂಪೆನಿಯ ಆಡಳಿತ ಮುಖ್ಯಸ್ಥನಾದ. ಪತ್ರಿಕೆಗಳನ್ನು, ಸುದ್ದಿಸಂಸ್ಥೆಯನ್ನು, 1927ರಲ್ಲಿ ಯೂಫಾ ಸಿನಿಮಾ ಕಂಪೆನಿಯನ್ನೂ ಕೈವಶ ಮಾಡಿಕೊಂಡ. 1928ರಲ್ಲಿ ಜರ್ಮನ್ ರಾಷ್ಟ್ರೀಯ ಜನತಾ ಪಕ್ಷದ ಅಧ್ಯಕ್ಷನಾದ. ಮರುವರ್ಷ ಯುದ್ಧಪರಿಹಾರದ ಯಂಗ್ ಯೋಜನೆಯ ವಿರುದ್ಧ ಹಿಟ್ಲರನನ್ನು ಜೊತೆಗೆ ಸೇರಿಸಿಕೊಂಡ. ಜನಮತಗಣನೆ ಸೋತಿತು, ಆದರೆ ಹಿಟ್ಲರನಿಗೆ ದೊಡ್ಡ ವೇದಿಕೆ ಸಿಕ್ಕಿತು. 1930ರ ಚುನಾವಣೆಯಲ್ಲಿ ಹೂಗೆನ್‌ಬರ್ಗ್‌ನ ಪಕ್ಷಕ್ಕೆ ಬಂದದ್ದು ಶೇ. 7, ನಾಜಿಗಳಿಗೆ ಶೇ. 18.

1933ರ ಜನವರಿಯಲ್ಲಿ ಹಿಟ್ಲರನ ಸಂಪುಟದಲ್ಲಿ ಮಂತ್ರಿಯಾದ, ಜೂನ್‌ನಲ್ಲೇ ಹೊರಬಿದ್ದ. ಪಕ್ಷವೂ ಅದೇ ತಿಂಗಳು ವಿಸರ್ಜನೆಯಾಯಿತು. 1951ರಲ್ಲಿ ತೀರಿಕೊಂಡ.

ನಮ್ಮ ನುಡಿ ಉಳಿಯಲಿ ಎನ್ನುವುದು ಅಭಿಮಾನ. ಪಕ್ಕದವರ ನುಡಿ ಅಳಿಯಲಿ ಎನ್ನುವುದು ದ್ವೇಷ. ಇವೆರಡರ ನಡುವಿನ ಗೆರೆಯನ್ನು ಮಕ್ಕಳಿಗೆ ತೋರಿಸಬೇಕಾದವರು ನಾವೇ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ಪಾಠ ಬೇಗ ಅರ್ಥವಾದೀತು.